ಹಕ್ಕಲು ಗೋಧಿಯ ರುಚಿ

2019ರ ಆಗಸ್ಟ್ ತಿಂಗಳನ್ನು ದಕ್ಷಿಣ ಇಟಲಿಯ ಪುಲಿಯಾ ಪ್ರದೇಶದಲ್ಲಿ, ಫೊಜ್ಜಾ ನಗರಕ್ಕೆ ಸಮೀಪದ ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿ ಕಳೆಯುವ ಅವಕಾಶ ನನಗೆ ಒದಗಿತ್ತು. ಅಲ್ಲಿಯ ಗುರುಗಳು ರಜೆಯ ಮೇಲೆ ಹೋಗಿದ್ದರು. ಅವರ ಬದಲಿಗೆ ದಿನದ ಬಲಿಪೂಜೆ ಅರ್ಪಿಸುವುದು, ರೋಗಿಗಳನ್ನು ಸಂದರ್ಶಿಸುವುದು ನನ್ನ ಕೆಲಸ. ಉಳಿದ ಹೊತ್ತಿನಲ್ಲಿ ನಾನೊಬ್ಬ ಪ್ರವಾಸಿ. ಯಾವ ಊರಿನಲ್ಲಿ ಏನನ್ನು ತಿನ್ನಲೇಬೇಕು, ಯಾವ ದ್ರಾಕ್ಷಾರಸದ ರುಚಿ ನೋಡಲೇಬೇಕು ಎಂಬ ಪಟ್ಟಿಯೊಂದು ನನ್ನ ಬಳಿ ಸಿದ್ಧವಾಗಿತ್ತು. ಆ ಪಟ್ಟಿಯಲ್ಲಿ ‘ಗ್ರಾನೊ ಆರ್ಸೊ’ ಎಂಬ ಹೆಸರಿತ್ತು. ಹಾಗೆಂದರೆ ಸುಟ್ಟ ಗೋಧಿ.

ಫೊಜ್ಜಾದ ಸುತ್ತಲಿನ ಬಯಲು ಇಟಲಿಯ ಗೋಧಿಯ ಕಣಜ. ರವೆಗೆ ಹೇಳಿ ಮಾಡಿಸಿದಂತಹ ಗಟ್ಟಿ ಗೋಧಿ ಅಲ್ಲಿ ಬೆಳೆಯುತ್ತದೆ. ಕಟಾವಾದ ಮೇಲೆ ಕೂಳೆಗೆ ಬೆಂಕಿಯಿಡುವುದು ಹಿಂದಿನ ವಾಡಿಕೆ. ಬೆಂಕಿ ಆರಿದ ನಂತರ ಕೂಲಿಯವರ ಹೆಂಗಸರು, ಮಕ್ಕಳು ಬೂದಿಯಲ್ಲಿ ಉಳಿದ ಸೀದ ಕಾಳುಗಳನ್ನು ಹೆಕ್ಕಿ ತಂದು ಬೀಸಿ, ಆ ಕಪ್ಪು ಹಿಟ್ಟಿಗೆ ಇದ್ದಷ್ಟು ಬಿಳಿ ಹಿಟ್ಟು ಬೆರೆಸಿ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದರೆಂದು ಅಲ್ಲಿಯ ಹಿರಿಯರು ಹೇಳುತ್ತಾರೆ. ನಮ್ಮಲ್ಲಿ ಇದನ್ನೇ ಹಕ್ಕಲಾಯುವುದು ಎನ್ನುತ್ತೇವೆ. ಇಂದು ಆ ಹಿಟ್ಟು ಹೊಲದ ಬೂದಿಯಿಂದ ಬರುವುದಿಲ್ಲ. ಗಿರಣಿಯಲ್ಲಿ ಗೋಧಿಯನ್ನು ಹದವಾಗಿ ಹುರಿದು ಬೀಸಿ, ಅಂದವಾದ ಪೊಟ್ಟಣಗಳಲ್ಲಿ ಸಾಮಾನ್ಯ ಹಿಟ್ಟಿಗಿಂತ ಹೆಚ್ಚಿನ ಬೆಲೆಗೆ ಮಾರುತ್ತಾರೆ.

ಗುರುನಿವಾಸದಲ್ಲಿ ಅಡುಗೆ ಮಾಡುತ್ತಿದ್ದವರು ಎಂಬತ್ತು ದಾಟಿದ ಒಬ್ಬ ತಾಯಿ. ಅಂತಹ ಒಂದು ಪೊಟ್ಟಣವನ್ನು ಕೊಂಡು ತಂದು, “ಇದರಲ್ಲಿ ಏನಾದರೂ ಮಾಡಿಕೊಡುವಿರಾ?” ಎಂದು ಅವರನ್ನು ಕೇಳಿದೆ. ಅವರು ಕ್ಷಣಕಾಲ ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ. ಮರುದಿನ ಮಧ್ಯಾಹ್ನ ಪುಟ್ಟ ಕಿವಿಗಳ ಆಕಾರದ ‘ಒರೆಕ್ಕಿಯೆತ್ತೆ’ಯನ್ನು ಆ ಕಪ್ಪು ಹಿಟ್ಟಿನಿಂದ ಮಾಡಿ, ಟೊಮ್ಯಾಟೊ ಸಾರಿನಲ್ಲಿ ಕಲಸಿ, ಮೇಲೆ ಉಪ್ಪಿನ ಗಿಣ್ಣು ತುರಿದು ಬಡಿಸಿದರು. ಜೊತೆಗೆ ಆ ನಾಡಿನದೇ ‘ನೇರೊ ದಿ ತ್ರೋಯಾ’ ಎಂಬ ಕಡುಗೆಂಪು ದ್ರಾಕ್ಷಾರಸ. ಹುರಿದ ಬಾದಾಮಿಯನ್ನು ನೆನಪಿಸುವ, ಸಣ್ಣಗೆ ಹೊಗೆಯಾಡಿದ ಪರಿಮಳ. ನಾನು ಮನಸಾರೆ ಹೊಗಳಿದೆ. ಆಮೇಲೆ ನೋಡಿದರೆ ಅವರ ತಟ್ಟೆಯಲ್ಲಿದ್ದದ್ದು ಬರೀ ಬ್ರೆಡ್ಡು, ಹೆಚ್ಚಿದ ಟೊಮ್ಯಾಟೊ.

“ನೀವು ಇದನ್ನು ತಿನ್ನುವುದಿಲ್ಲವೇ?”

“ಇಲ್ಲ, ದೋನ್,” ಎಂದರು. ಅಲ್ಲಿ ಗುರುಗಳನ್ನು ಕರೆಯುವುದು ಹಾಗೆ. “ಚಿಕ್ಕಂದಿನಲ್ಲಿ ತಿಂದದ್ದೇ ಸಾಕಾಗಿದೆ. ಮನೆಗೆ ಯಾರಾದರೂ ಬಂದರೆ ನಮ್ಮಮ್ಮ ಈ ಪಾತ್ರೆಗೆ ಮುಚ್ಚಳ ಹಾಕಿಬಿಡುತ್ತಿದ್ದಳು.”

ಒಬ್ಬರು ನಾಚಿ ಮುಚ್ಚಿಟ್ಟ ಊಟವನ್ನು ಇನ್ನೊಬ್ಬರು ರುಚಿಗೆಂದು ಕೇಳಿ ಮಾಡಿಸಿಕೊಂಡು ತಿನ್ನುವುದು ಸರಿಯೇ? ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಇಟಲಿಯಲ್ಲಿ ಸಂಚರಿಸುವವನಿಗೆ ಇದು ಹೆಜ್ಜೆಹೆಜ್ಜೆಗೂ ಎದುರಾಗುವ ಪ್ರಶ್ನೆ. ಆ ದೇಶದ ಪ್ರಾಂತೀಯ ಅಡುಗೆಯ ದೊಡ್ಡ ಭಾಗವನ್ನು ಅವರೇ ‘ಕುಚಿನಾ ಪೊವೆರಾ’, ಅಂದರೆ ಬಡವರ ಅಡುಗೆ ಎಂದು ಕರೆಯುತ್ತಾರೆ. ತೊಸ್ಕಾನದ ಹೆಸರಾಂತ ‘ರಿಬೊಲ್ಲಿತಾ’ ಎಂದರೆ ಹಳಸಿದ ಬ್ರೆಡ್ಡು, ಹುರುಳಿಕಾಯಿ ಬೀಜ, ಕಪ್ಪು ಎಲೆಕೋಸುಗಳನ್ನು ಮತ್ತೆ ಕುದಿಸಿದ ಗಂಜಿ. ಪೆರುಜಿಯಾದಲ್ಲಿ ಬ್ರೆಡ್ಡಿಗೆ ಉಪ್ಪೇ ಇಲ್ಲ. 1540ರಲ್ಲಿ ಜಗದ್ಗುರು ಮೂರನೆಯ ಪೌಲರು ಉಪ್ಪಿನ ತೆರಿಗೆ ಏರಿಸಿದಾಗ ಊರು ದಂಗೆಯೆದ್ದು ಸೋತಿತು. ಅಂದು ಬಿಟ್ಟ ಉಪ್ಪು ಇದು ಎಂದು ಊರವರು ಹೇಳುತ್ತಾರೆ. ಅದು ಎಷ್ಟು ನಿಜವೋ, ಅವರು ಅದನ್ನು ನನ್ನ ಗುರುವಸ್ತ್ರದ ಕಡೆ ನೋಡುತ್ತಲೇ ಹೇಳಿದ್ದಂತೂ ನಿಜ.

ಉತ್ತರದ ವೆನೆತೊ, ಲೊಂಬಾರ್ದಿಯಾಗಳ ‘ಪೊಲೆಂತಾ’ದ ಕಥೆ ಇನ್ನೂ ಕಹಿ. ಮುಸುಕಿನ ಜೋಳದ ಹಿಟ್ಟನ್ನು ನೀರಿನಲ್ಲಿ ಗಂಟಾಗದಂತೆ ತಿರುವಿ ಬೇಯಿಸಿ ಮರದ ಹಲಗೆಯ ಮೇಲೆ ಸುರಿಯುತ್ತಾರೆ. ನಮ್ಮ ಮುದ್ದೆಯ ದೂರದ ನೆಂಟ. ಇಂದು ಅಣಬೆಯ ಪಲ್ಯದೊಡನೆ, ಒಳ್ಳೆಯ ದ್ರಾಕ್ಷಾರಸದೊಡನೆ ಅದನ್ನು ಸವಿಯುವುದು ಹಿತವೇ. ಆದರೆ ಒಂದು ಕಾಲಕ್ಕೆ ಅಲ್ಲಿಯ ರೈತರಿಗೆ ಪೊಲೆಂತಾ ಬಿಟ್ಟರೆ ಬೇರೆ ಊಟವಿರಲಿಲ್ಲ. ಮೇಜಿನ ಮೇಲೆ ಒಂದು ಒಣಮೀನನ್ನು ದಾರದಲ್ಲಿ ನೇತುಹಾಕಿ, ಮನೆಮಂದಿಯೆಲ್ಲ ತಮ್ಮ ತುತ್ತನ್ನು ಅದಕ್ಕೆ ಸವರಿಕೊಂಡು ತಿನ್ನುತ್ತಿದ್ದರಂತೆ. ಚರ್ಮ ಬಿರಿದು, ಹೊಟ್ಟೆ ಕೆಟ್ಟು, ಕೊನೆಗೆ ಬುದ್ಧಿಭ್ರಮಣೆಯಾಗುವ ರೋಗವೊಂದು ಅವರನ್ನು ಹಿಡಿಯಿತು. 1771ರಲ್ಲಿ ಮಿಲಾನಿನ ವೈದ್ಯ ಫ್ರಾಂಚೆಸ್ಕೊ ಫ್ರಾಪೊಲ್ಲಿ ಅದನ್ನು ‘ಪೆಲ್ಲಾಗ್ರಾ’ ಎಂಬ ಹೆಸರಿನಿಂದ ವರ್ಣಿಸಿದರು. 1881ರ ಎಣಿಕೆಯಲ್ಲಿ ಇಟಲಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಆ ರೋಗದಿಂದ ನರಳುತ್ತಿದ್ದರು. ಮುಸುಕಿನ ಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕಬೇಕಾದರೆ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಬೇಕು. ಮೆಕ್ಸಿಕೋದ ಮೂಲನಿವಾಸಿಗಳು ಹಾಗೆಯೇ ಮಾಡುತ್ತಿದ್ದರು. ಯೂರೋಪಿಗೆ ಬೆಳೆ ಬಂತು, ಬೇಯಿಸುವ ವಿಧಾನ ಬರಲಿಲ್ಲ. ನಮ್ಮ ದಖ್ಖನ್ನಿನಲ್ಲಿ ಜೋಳವನ್ನೇ ನಂಬಿದ್ದ ಬಡವರಲ್ಲಿಯೂ ಪೆಲ್ಲಾಗ್ರಾ ಇತ್ತು, ಹೈದರಾಬಾದಿನ ಡಾ. ಗೋಪಾಲನ್ ಮತ್ತು ಡಾ. ಶ್ರೀಕಂಠಯ್ಯನವರು 1960ರಲ್ಲಿ ಅದರ ಬಗ್ಗೆ ಬರೆದರು.

ಹಾಗಾದರೆ ಪೊಲೆಂತಾ ತಿನ್ನುವುದು ಪಾಪವೇ? ನಾನು ಹಾಗೆ ಹೇಳಲಾರೆ. ಊಟದ ಸಂತೋಷ ದೇವರ ಕೊಡುಗೆಯೆಂದು ಜಗದ್ಗುರು ಫ್ರಾನ್ಸಿಸರೇ, ಆಹಾರ ಚಿಂತಕ ಕಾರ್ಲೊ ಪೆತ್ರೀನಿಯವರೊಡನೆ ನಡೆಸಿ 2020ರಲ್ಲಿ ಪ್ರಕಟವಾದ ಸಂವಾದದಲ್ಲಿ ಹೇಳಿದ್ದಾರೆ. ಆದರೂ ನನಗೆ ಗುರುಮಠದ ಒಂದು ಹಳೆಯ ಪಾಠ ನೆನಪಾಗುತ್ತದೆ. ಮಹಾ ಸಂತ ಗ್ರೆಗೋರಿಯವರನ್ನು ಅನುಸರಿಸಿ ಸಂತ ತೋಮಸ್ ಅಕ್ವಿನಾಸರು ಹೊಟ್ಟೆಬಾಕತನದ ಐದು ಬಗೆಗಳನ್ನು ಹೇಳುತ್ತಾರೆ: ಹೊತ್ತಿಗೆ ಮುಂಚೆ ತಿನ್ನುವುದು, ದುಬಾರಿಯಾದುದನ್ನೇ ಬಯಸುವುದು, ಅತಿಯಾಗಿ ತಿನ್ನುವುದು, ಆತುರದಿಂದ ತಿನ್ನುವುದು, ಅಡುಗೆ ಹೀಗೆಯೇ ಆಗಬೇಕೆಂದು ಹಟ ಹಿಡಿಯುವುದು. ಐದನೆಯದನ್ನು ನಾವು ನಗುತ್ತಲೇ ದಾಟಿದ್ದೆವು. ಗುರುಮಠದ ಅಡುಗೆಮನೆಯಲ್ಲಿ ಅದಕ್ಕೆ ಆಸ್ಪದವೇ ಇರಲಿಲ್ಲ. ಪಟ್ಟಿ ಹಿಡಿದು ಹೊರಟ ಪ್ರವಾಸಿಗೆ ಅಂಟುವುದು ಈ ಐದನೆಯದೇ. ಅವನು ಹೆಚ್ಚು ತಿನ್ನುವುದಿಲ್ಲ, ಹೆಚ್ಚು ಕುಡಿಯುವುದಿಲ್ಲ, ‘ಅಸಲಿ’ಯಾದದ್ದು ಬೇಕೆನ್ನುತ್ತಾನೆ. ಆ ಅಸಲಿತನ ಅಡುಗೆ ಮಾಡುವವರಿಗೆ ಏನನ್ನು ನೆನಪಿಸುತ್ತದೆ ಎಂದು ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ತಪಸ್ಸುಕಾಲದಲ್ಲಿ ನಾವು ಉಪವಾಸ ಮಾಡುತ್ತೇವೆ. ಅನ್ನವಿದ್ದೂ ಬಿಡುವುದು ಉಪವಾಸ. ಇಲ್ಲದೆ ಬಿಡುವುದು ಹಸಿವು. ಹೊರಗಿನಿಂದ ಎರಡೂ ಒಂದೇ ಬಗೆಯ ಖಾಲಿ ತಟ್ಟೆ. ಸುಟ್ಟ ಗೋಧಿಯೂ ಹಾಗೆಯೇ: ಬೇಡವೆನ್ನಬಲ್ಲವನ ಬಾಯಲ್ಲಿ ಮಾತ್ರ ಅದು ರುಚಿ. ಆ ತಾಯಿ ಜೀವಮಾನವಿಡೀ ದುಡಿದು ಗಳಿಸಿದ್ದು ಅದನ್ನು ಬೇಡವೆನ್ನುವ ಹಕ್ಕನ್ನು. ಇಟಲಿಯ ಗೆಳೆಯರೊಬ್ಬರು ಇದನ್ನು ಒಪ್ಪಲಿಲ್ಲ. ಬೂದಿಯಿಂದ ಊಟ ಮಾಡಿದವರ ಜಾಣ್ಮೆಯನ್ನು ಗೌರವಿಸಬೇಕು, ಮರೆತರೆ ಅದು ಇನ್ನೂ ದೊಡ್ಡ ಅನ್ಯಾಯ ಎಂದರು. ಅವರ ಮಾತಿನಲ್ಲಿ ಹುರುಳಿದೆ. ಆದರೆ ಹಳೆಯ ಬಡತನವನ್ನು ಗೌರವಿಸುವುದು ಸುಲಭ. ಅದು ನಮ್ಮಿಂದ ಏನನ್ನೂ ಬೇಡುವುದಿಲ್ಲ.

ಇಂದಿನ ಬಡತನ ಅದೇ ಬಯಲಿನಲ್ಲಿದೆ. ಅಲ್ಲಿ ಆಗಸ್ಟ್ ಎಂದರೆ ಟೊಮ್ಯಾಟೊ ಕೊಯ್ಲಿನ ಕಾಲ. ಕೆಲಸದಲ್ಲಿ ಬಹುಮಂದಿ ಆಫ್ರಿಕಾದಿಂದ ಬಂದವರು. ತಗಡಿನ ಜೋಪಡಿಗಳಲ್ಲಿ ವಾಸ. ಅವರ ಕೂಲಿಯಿಂದ ಪಾಲು ಮುರಿದುಕೊಳ್ಳುವ ಮೇಸ್ತ್ರಿಗೆ ಅಲ್ಲಿ ‘ಕಾಪೊರಾಲೆ’ ಎನ್ನುತ್ತಾರೆ. 2016ರಲ್ಲಿ ಇದರ ವಿರುದ್ಧ ಕಠಿಣ ಕಾನೂನೂ ಬಂದಿದೆ. ನಾನು ಹೋಗುವ ಹಿಂದಿನ ವರ್ಷ, 2018ರ ಆಗಸ್ಟ್‌ನಲ್ಲಿ, ಹೊಲಗಳಿಂದ ಹಿಂತಿರುಗುತ್ತಿದ್ದ 16 ಮಂದಿ ಎರಡು ರಸ್ತೆ ಅಪಘಾತಗಳಲ್ಲಿ ಎರಡೇ ದಿನಗಳ ಅಂತರದಲ್ಲಿ ಸತ್ತಿದ್ದರು. ರೋಮಿನ ದಕ್ಷಿಣಕ್ಕಿರುವ ಲಾತೀನಾ ಸೀಮೆಯ ಹೊಲಗಳಲ್ಲಿ ದುಡಿಯುವವರಲ್ಲಿ ನಮ್ಮ ಪಂಜಾಬಿನವರು ಬಹಳ. 2024ರ ಜೂನ್‌ನಲ್ಲಿ ಅಲ್ಲಿ ಯಂತ್ರಕ್ಕೆ ಸಿಕ್ಕಿ ತೋಳು ಕಳೆದುಕೊಂಡ ಭಾರತೀಯ ಕೂಲಿಯೊಬ್ಬನನ್ನು ಆಸ್ಪತ್ರೆಗೆ ಒಯ್ಯದೆ ಅವನ ಮನೆಯ ಬಳಿ ಬಿಟ್ಟುಹೋದರು. ಅವನು ಉಳಿಯಲಿಲ್ಲ. ಹೊಲದ ಅಂಚಿನ ಪೈರನ್ನೂ ಬಿದ್ದ ತೆನೆಯನ್ನೂ ಬಡವರಿಗೆ, ಪರದೇಶಿಗಳಿಗೆ ಬಿಡಬೇಕೆಂಬುದು ಮೋಶೆಯ ಧರ್ಮಶಾಸ್ತ್ರದ ಕಟ್ಟಳೆ. ಹಕ್ಕಲಾಯಲು ಬಂದ ರೂತಳೂ ಪರದೇಶಿಯೇ.

ಆ ಧರ್ಮಕೇಂದ್ರದಲ್ಲಿ ಗುರುವಾರ ಸಂಜೆ ಕೆಲವು ಕೂಲಿಯವರು ಹಳೆಯ ಬಟ್ಟೆಗಾಗಿ ಬರುತ್ತಿದ್ದರು. ಬಂದವರಿಗೆ ಊಟವೂ ಇತ್ತು. ನನ್ನ ಕೊನೆಯ ಗುರುವಾರ ನಾನೂ ಅಡುಗೆಮನೆಯಲ್ಲಿ ಕೈಜೋಡಿಸಿದೆ. ಬರುವವರಲ್ಲಿ ಮುಸಲ್ಮಾನರೇ ಹೆಚ್ಚೆಂದು ಆ ತಾಯಿ ದ್ರಾಕ್ಷಾರಸದ ಸೀಸೆಯನ್ನು ಕಪಾಟಿನೊಳಗಿಟ್ಟು, ಮೇಜಿನ ಮೇಲೆ ನೀರಿನ ಹೂಜಿಗಳನ್ನು ಜೋಡಿಸಿದರು. ಹಿಟ್ಟು ಕಲಸಲು ಕುಳಿತಾಗ, ನಾನು ತಂದಿದ್ದ ಪೊಟ್ಟಣದಲ್ಲಿ ಅರ್ಧ ಉಳಿದಿದೆಯಲ್ಲ, ಅದನ್ನೂ ಸೇರಿಸೋಣವೇ ಎಂದೆ.

“ಬೇಡ, ದೋನ್,” ಎಂದರು, ಬಿಳಿ ಹಿಟ್ಟಿನ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತ. “ಅದು ಕೇಳಿ ತಿನ್ನುವವರಿಗಿರಲಿ. ಇವರು ಮನೆಗೆ ಬಂದವರು.”