ಕೋಡಿ ಇಲ್ಲದ ಕೊಳ



ಬೆಟ್ಟ ಹತ್ತಿ ದೇವರ ದರ್ಶನ ಮಾಡಿದ ಮೇಲೆ ಪಕ್ಕದ ಹೊಂಡವನ್ನೋ ದೊಣೆಯನ್ನೋ ನೋಡದೆ ಇಳಿಯುವವರು ಕಡಿಮೆ. ನೀರಿದ್ದಲ್ಲಿ ಶಿವನಿದ್ದಾನೆ ಎಂಬುದು ನಮ್ಮ ಜನರ ನಂಬಿಕೆ. ಆ ನೀರು ಏನು ಹೇಳುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ಹಿಮಾಲಯದ ಕೇದಾರನಾಥಕ್ಕೂ ಕನ್ನಡ ನಾಡಿಗೂ ಹಳೆಯ ನಂಟು. ಅಲ್ಲಿಯ ರಾವಲರು ವೀರಶೈವ ಜಂಗಮ ಪರಂಪರೆಯವರು. ನಮ್ಮ ಚಿತ್ರದುರ್ಗದ ಜೋಗಿಮಟ್ಟಿಯಲ್ಲಿಯೂ ಹಿಮವತ್ಕೇದಾರ ಎಂಬ ಪುಣ್ಯಸ್ಥಳವಿದೆ. ಹೀಗಾಗಿ ಹೊಳಲ್ಕೆರೆ ಸೀಮೆಯಿಂದ ಕೇದಾರಕ್ಕೆ ಹೋಗುವವರು ಉಂಟು. 2013ಕ್ಕೆ ಮೊದಲು ಹಾಗೆ ಹೋದ ಒಂದು ತಂಡದ ಕಥೆ ಹೀಗಿದೆ.

ದರ್ಶನ ಬೆಳಿಗ್ಗೆಯೇ ಮುಗಿಯಿತು. ಇಳಿಯಲು ಇನ್ನೂ ಹೊತ್ತಿತ್ತು. ಗುಡಿಯ ಹಿಂದೆ ಮೇಲಕ್ಕೆ ಚೋರಾಬಾರಿ ಕೊಳವಿದೆ, 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮ ಬಿಟ್ಟದ್ದರಿಂದ ಅದಕ್ಕೆ ಗಾಂಧಿ ಸರೋವರ ಎಂದೂ ಹೆಸರು ಎಂದು ಯಾರೋ ಹೇಳಿದರು. "ಇಷ್ಟು ದೂರ ಬಂದೀವಿ, ಒಂದು ಹೆಜ್ಜೆ ನೋಡ್ಕಂಡು ಬಂದುಬಿಡಾಣ" ಎಂದು ಎಲ್ಲರೂ ಹೊರಟೇಬಿಟ್ಟರು. ಸುಮಾರು 3,900 ಮೀಟರ್ ಎತ್ತರ. ಉಸಿರು ಸಿಕ್ಕದೆ ಕೂತು ಕೂತು ಹತ್ತಿದರು.

ಕೊಳ ಅರ್ಧ ಹೆಪ್ಪುಗಟ್ಟಿತ್ತು. ದಡದ ಕಡೆ ಬಿಳಿ ಹಾಸು, ನಡುವೆ ಕಪ್ಪು ನೀರು. ಎಲ್ಲರೂ ಕೈಮುಗಿದರು. ಒಬ್ಬ ಹುಡುಗ ಹಿಮದ ಮೇಲೆ ಕಾಲಿಡಲು ಹೋದಾಗ ತಂಡದಲ್ಲಿದ್ದ ಮುದುಕರೊಬ್ಬರು ರಟ್ಟೆ ಹಿಡಿದು ನಿಲ್ಲಿಸಿದರು. ಅವರು ತಮ್ಮೂರ ಕೆರೆಗೆ ನೀರುಗಂಟಿಯಾಗಿದ್ದವರು. ಸುತ್ತ ಕಣ್ಣಾಡಿಸಿ ಕೇಳಿದರು: "ಅಲ್ರಪ್ಪಾ, ಇದಕ್ಕೆ ಕೋಡಿ ಎಲ್ಲೈತೆ?" ಯಾರೂ ಉತ್ತರ ಕೊಡಲಿಲ್ಲ. ಅದಕ್ಕೆ ಏರಿಯೆಂದರೆ ಹಿಮನದಿ ತಳ್ಳಿ ತಂದ ಸಡಿಲ ಕಲ್ಲುಮಣ್ಣಿನ ದಿಬ್ಬ ಅಷ್ಟೇ. "ಕೋಡಿ ಇಲ್ಲದ ಕೆರೆ ಮುಂದೆ ಬಹಳ ಹೊತ್ತು ನಿಲ್ಲಬಾರದು, ನಡೀರಿ" ಎಂದು ಇಳಿಸಿಕೊಂಡು ಬಂದರು.

2013ರ ಜೂನ್ 17ರ ಬೆಳಿಗ್ಗೆ, ಭಾರಿ ಮಳೆ ಮತ್ತು ಕರಗಿದ ಹಿಮದ ನೀರು ತುಂಬಿ ಆ ದಿಬ್ಬ ಒಡೆಯಿತು. ಕೆಲವೇ ನಿಮಿಷಗಳಲ್ಲಿ ಕೊಳ ಬರಿದಾಯಿತು. ಆ ಎರಡು ದಿನಗಳ ಪ್ರವಾಹದಲ್ಲಿ ಸಾವಿರಾರು ಜನ ಪ್ರಾಣ ಬಿಟ್ಟರು. ದೊಡ್ಡದೊಂದು ಬಂಡೆ ಹಿಂದೆ ಬಂದು ನಿಂತು ಗುಡಿ ಉಳಿಯಿತು. ಸತ್ತವರೇನು ಪಾಪಿಗಳೇ? ಅಲ್ಲ. ಅವರೂ ನಮ್ಮ ಹಾಗೆ ಭಕ್ತರೇ. ನೀರಿಗೆ ದಾರಿ ಇರಲಿಲ್ಲ, ಅಷ್ಟೇ.

ಈಗ ನಮ್ಮ ಹಿರಿಯರ ಕೆಲಸ ನೋಡಿರಿ. ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿಯರ ಹೊಂಡಕ್ಕೆ ಹರಿಯುತ್ತದೆ, ಕೊನೆಗೆ ಊರೊಳಗಿನ ಸಂತೆಹೊಂಡ ಸೇರುತ್ತದೆ. ಒಂದರ ಹೆಚ್ಚಳ ಇನ್ನೊಂದರ ಹೊಟ್ಟೆಗೆ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆ 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಜನ ಹೆದರಲಿಲ್ಲ, ಸಂಭ್ರಮ ಪಟ್ಟರು. ನೀರು ತುಂಬಿದ್ದು ಅಲ್ಲೂ ಇಲ್ಲೂ ಒಂದೇ. ಕೋಡಿ ಇದ್ದಲ್ಲಿ ಹಬ್ಬ, ಇಲ್ಲದಲ್ಲಿ ಹಾನಿ.

ಪರಶಿವನು ಗಂಗೆಯನ್ನು ಜಟೆಯಲ್ಲಿ ಹಿಡಿದನು. ಹಿಡಿದು ತಾನೇ ಇಟ್ಟುಕೊಂಡನೇ? ಇಲ್ಲ, ಧಾರೆಯಾಗಿ ಲೋಕಕ್ಕೆ ಬಿಟ್ಟನು. ಹಿಡಿಯುವುದೂ ಶಿವನ ಗುಣ, ಬಿಡುವುದೂ ಶಿವನ ಗುಣ.

ಮನುಷ್ಯನ ಮನಸ್ಸೂ ಒಂದು ಕೊಳವೇ. ಅಣ್ಣತಮ್ಮಂದಿರ ಪಾಲಿನ ಸಿಟ್ಟು, ಯಾರಿಗೂ ಹೇಳದ ದುಃಖ, ಕೂಡಿಟ್ಟ ಹಣದ ಗರ್ವ ಎಲ್ಲವೂ ಮೇಲೆ ಹೆಪ್ಪುಗಟ್ಟಿ ತಣ್ಣಗೆ ಕಾಣುತ್ತವೆ. ಒಳಗೆ ನೀರು ಏರುತ್ತಲೇ ಇರುತ್ತದೆ. ಸಿಟ್ಟಿಗೆ ಕ್ಷಮೆಯೇ ಕೋಡಿ, ದುಃಖಕ್ಕೆ ಹತ್ತಿರದವರ ಮುಂದಿನ ಮಾತೇ ಕೋಡಿ, ಹಣಕ್ಕೆ ದಾಸೋಹವೇ ಕೋಡಿ.

ಆದುದರಿಂದ ಭಕ್ತರು ಊರಿಗೆ ಮರಳಿದ ಮೇಲೆ ಎರಡು ಕೆಲಸ ಮಾಡತಕ್ಕದ್ದು. ನಿಮ್ಮೂರ ಕೆರೆಯ ಕೋಡಿಯಲ್ಲಿ ಗಿಡಗಂಟಿ ಬೆಳೆದಿದ್ದರೆ, ಒತ್ತುವರಿಯಾಗಿದ್ದರೆ, ನಾಲ್ಕು ಜನ ಸೇರಿ ಬಿಡಿಸಿರಿ. ಮಾತು ಬಿಟ್ಟ ನೆಂಟರಿದ್ದರೆ ಪ್ರಸಾದ ಕೊಡುವ ನೆಪದಲ್ಲಾದರೂ ಅವರ ಬಾಗಿಲಿಗೆ ಹೋಗಿರಿ. ಯಾತ್ರೆಯ ಫಲ ಅಲ್ಲಿಂದ ಶುರು.

ಸರ್ವರಿಗೂ ಶುಭವಾಗಲಿ. ಓಂ ನಮಃ ಶಿವಾಯ.