ನಡೆದದ್ದು ಕಾಲು, ಹೊತ್ತಿಸಿದ್ದು ಯಾರು?

ಡಿಸೆಂಬರಿನಲ್ಲಿ ಲಂಡನ್ನಿನ ಸೂರ್ಯ ನಾಲ್ಕು ಗಂಟೆಗೂ ಮೊದಲೇ ಮುಳುಗುತ್ತಾನೆ. ಶುಕ್ರವಾರ ಅಷ್ಟರೊಳಗೆ ಆ ನಗರದ ಸ್ಟ್ಯಾಮ್‌ಫರ್ಡ್ ಹಿಲ್ ಬಡಾವಣೆಯ ಸಂಪ್ರದಾಯಸ್ಥ ಯಹೂದಿ ಮನೆಗಳಲ್ಲಿ ಅಡುಗೆ ಮುಗಿದು, ದೀಪ ಹಚ್ಚಿ ವಾರದ ವಿಶ್ರಾಂತಿ ದಿನವಾದ ಸಬ್ಬತ್ ಶುರುವಾಗಿರುತ್ತದೆ. ಮರುರಾತ್ರಿ ನಕ್ಷತ್ರ ಮೂಡುವವರೆಗೆ ಯಾರೂ ಸ್ವಿಚ್ ಮುಟ್ಟುವುದಿಲ್ಲ. ಅಲ್ಲಿನ ಎಷ್ಟೋ ಮನೆಗಳು ವಿಕ್ಟೋರಿಯಾ ರಾಣಿಯ ಕಾಲದವು. ನಡುವೆ ಟೊಳ್ಳಿಲ್ಲದ ಇಟ್ಟಿಗೆ ಗೋಡೆಯಿಂದ ಒಳಗಿನ ಬಿಸಿ ಸಲೀಸಾಗಿ ಸೋರಿಹೋಗುತ್ತದೆ.

ಇಂಥ ಮನೆಗೆ, ಜನರ ಓಡಾಟ ಗುರುತಿಸುವ ವೈರ್‌ಲೆಸ್ ಸೆನ್ಸರ್ ಹೇಳಿ ಮಾಡಿಸಿದಂತಿದೆ. ಗೋಡೆ ಕೊರೆಯಬೇಕಿಲ್ಲ, ವೈರ್ ಎಳೆಯಬೇಕಿಲ್ಲ. ಮೂಲೆಯಲ್ಲಿ ಅಂಟಿಸಿದ ಪುಟ್ಟ ಡಬ್ಬಿ, ಅದರ ಮುಂದೆ ಹಲವು ತುಣುಕುಗಳ ಬಿಳಿ ಪ್ಲಾಸ್ಟಿಕ್ ಮಸೂರ. ಮನುಷ್ಯನ ಮೈ ಸದಾ ಅವಗೆಂಪು ಕಿರಣ ಸೂಸುತ್ತಿರುತ್ತದೆ. ಯಾರಾದರೂ ನಡೆದರೆ ಆ ಬಿಸಿ ಮಸೂರದ ಒಂದು ತುಣುಕಿನಿಂದ ಇನ್ನೊಂದಕ್ಕೆ ಜಾರುತ್ತದೆ. ಒಳಗಿನ ಹರಳು ಆ ಏರಿಳಿತವನ್ನು ಹಿಡಿದು ರೇಡಿಯೇಟರಿನ ವಾಲ್ವಿಗೆ ಸುದ್ದಿ ಮುಟ್ಟಿಸುತ್ತದೆ. ಜನರಿಲ್ಲದ ಕೋಣೆ ತಣ್ಣಗಿರುತ್ತದೆ, ಗ್ಯಾಸ್ ಉಳಿಯುತ್ತದೆ.

ತೊಡಕು ಬರುವುದು ಸಬ್ಬತ್ ದಿನ. ಅಂದು ಮನೆಗಳಲ್ಲಿ ಬೆಂಕಿ ಹೊತ್ತಿಸಬಾರದೆಂದು ಬೈಬಲಿನ ವಿಮೋಚನಕಾಂಡ ಹೇಳುತ್ತದೆ. ಯಹೂದಿಗಳ ಪ್ರಾಚೀನ ನಿಯಮಗ್ರಂಥ ಮಿಶ್ನಾ ಒಟ್ಟು 39 ಬಗೆಯ ಕೆಲಸಗಳನ್ನು ನಿಷೇಧಿಸುತ್ತದೆ. ವಿದ್ಯುತ್ತು ಇವುಗಳಲ್ಲಿ ಯಾವುದಕ್ಕೆ ಸೇರಬೇಕು? ಸರ್ಕ್ಯೂಟ್ ಪೂರ್ಣಗೊಳಿಸುವುದು ಆ 39ರಲ್ಲೊಂದಾದ ಕಟ್ಟುವ ಕೆಲಸ ಎಂದರು ಹಜೋನ್ ಇಶ್ ಎಂದೇ ಹೆಸರಾದ ರಬ್ಬಿ, ಅಂದರೆ ಧರ್ಮಪಂಡಿತ. ಜೆರುಸಲೇಮಿನ ರಬ್ಬಿ ಶ್ಲೊಮೊ ಜಲ್ಮನ್ ಔಯರ್‌ಬಾಖ್ ಆ ವಾದವನ್ನು ಒಪ್ಪಲಿಲ್ಲ, ಆದರೆ ನಿಷೇಧದ ರೂಢಿಯನ್ನು ಕೈಬಿಡಲೂ ಇಲ್ಲ.

ಸ್ವಿಚ್ಚಿಗೆ ಬೆರಳು ಬೇಕು, ಮನಸ್ಸೂ ಬೇಕು. ಸೆನ್ಸರಿಗೆ ಎರಡೂ ಬೇಡ. ನಡುರಾತ್ರಿ ಮಗು ಅತ್ತಿತೆಂದು ತಾಯಿ ಎದ್ದು ಹೋದರೆ ಸಾಕು, ವಾಲ್ವ್ ತೆರೆದು ಗ್ಯಾಸ್ ಬಾಯ್ಲರ್ ಹೊತ್ತಿಕೊಳ್ಳುತ್ತದೆ. ಹೊತ್ತಿಸಿದವಳು ಅವಳೇ?

ಮಿಶ್ನಾ ಮತ್ತು ಅದರ ಮೇಲಿನ ಚರ್ಚೆ ಸೇರಿದ ತಾಲ್ಮುದ್ ಗ್ರಂಥದ ಪಂಡಿತರ ಬಳಿ ಇದಕ್ಕೊಂದು ಹಳೆಯ ಅಳತೆಗೋಲಿದೆ. ಕೋಳಿಯ ತಲೆ ಕತ್ತರಿಸಿದವನು ಅದು ಸಾಯಲೆಂದು ಬಯಸಿರಲಿಲ್ಲ ಎಂದರೆ ನಡೆಯದು. ತಪ್ಪದೆ ಬರುವ ಫಲ ಮಾಡಿದವನ ಲೆಕ್ಕಕ್ಕೇ ಸೇರುತ್ತದೆ. ಆದರೆ ಆ ಫಲ ಅವನಿಗೆ ಬೇಕೇ ಇರದಿದ್ದರೆ? ಅಲ್ಲಿ ಚರ್ಚೆಯುಂಟು, ಸಡಿಲಿಕೆಯೂ ಉಂಟು. ಬೇರೆಯವರ ಮನೆ ಮುಂದೆ ಹಾದುಹೋಗುವಾಗ ಅವರ ದೀಪ ಹೊತ್ತಿಕೊಂಡರೆ ಹಲವು ರಬ್ಬಿಗಳು ದೋಷ ಎಣಿಸುವುದಿಲ್ಲ. ಸ್ವಂತ ಕೋಣೆ ಬೆಚ್ಚಗಾದಾಗ ಮಾತ್ರ ಅದು ಬೇಡವಾಗಿತ್ತು ಎನ್ನಲು ಬಾಯಿ ಬರುವುದಿಲ್ಲ.

ಈ ಪ್ರಶ್ನೆ ಯಹೂದಿಗಳದ್ದಷ್ಟೇ ಅಲ್ಲ. ಸುಮ್ಮನೆ ಓಡಾಡುವುದೂ ಯಂತ್ರಕ್ಕೆ ಆಜ್ಞೆಯಾದ ಮನೆಯಲ್ಲಿ, ಏನನ್ನೂ ಮಾಡದೆ ಇರುವ ಸ್ವಾತಂತ್ರ್ಯ ಯಾರಿಗೂ ಉಳಿಯುವುದಿಲ್ಲ. ಅದಕ್ಕೆಂದೇ ಒಂದು ದಿನ ಮೀಸಲಿಟ್ಟವರ ಕಣ್ಣಿಗೆ ಇದು ಬೇಗ ಬಿದ್ದಿದೆ.

ಶುಕ್ರವಾರವೇ ಸೆನ್ಸರ್ ಆಫ್ ಮಾಡಿ ಟೈಮರ್ ಇಡುವುದು ಸದ್ಯಕ್ಕಿರುವ ದಾರಿ. ನ್ಯೂಯಾರ್ಕಿನ ರಬ್ಬಿ ಮೋಶೆ ಫೈನ್‌ಸ್ಟೈನ್ ಟೈಮರಿಗೂ ಸುಲಭವಾಗಿ ಒಪ್ಪಿರಲಿಲ್ಲ. ಹೀಗೆ ಬಿಟ್ಟರೆ ಸಬ್ಬತ್ ದಿನ ಕಾರ್ಖಾನೆಯನ್ನೇ ನಡೆಸಿಯಾರು ಎಂಬ ಆತಂಕ ಅವರದು. ಟೈಮರ್ ಖಾಲಿ ಕೋಣೆಯನ್ನೂ ಕಾಯಿಸುತ್ತದೆ. ವಾರಕ್ಕೊಂದು ದಿನ ಅಷ್ಟು ಗ್ಯಾಸ್ ಹೆಚ್ಚು ಹೋದರೂ ಅದನ್ನು ಪೋಲು ಎನ್ನುವಂತಿಲ್ಲ.