ದ್ವೀಪಾಂತರಗಮನ ಮತ್ತು ಕರಾವಳಿಯ ಧರ್ಮ

ಕಡಲನ್ನು ದಾಟುವುದು ಪಾಪವೇ, ದಾಟಿದವನನ್ನು ಮರಳಿ ಪಂಕ್ತಿಗೆ ಕರೆಯಬಹುದೇ ಎಂಬ ಪ್ರಶ್ನೆ ಇಂದು ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಮನೆಗಳಲ್ಲಿ ಬಹುಮಟ್ಟಿಗೆ ಕೇಳಿಬರುವುದಿಲ್ಲ. ಈ ಸೀಮೆಯಲ್ಲಿ ಹುಟ್ಟಿ ಕೊಲ್ಲಿ ದೇಶಗಳಲ್ಲಿಯೋ ಬೆಂಗಳೂರಿನಲ್ಲಿಯೋ ದುಡಿಯುವ ಕುಟುಂಬವೊಂದು ಗ್ರೀಸಿನ ದ್ವೀಪಗಳ ನಡುವೆ ಒಂದು ವಾರ ವಿಹರಿಸಲು ಯಾಟ್ ಚಾರ್ಟರ್ ಮಾಡಲು, ಅಂದರೆ ಹಾಯಿನೌಕೆಯೊಂದನ್ನು ನಿಗದಿತ ಅವಧಿಗೆ ಪೂರ್ತಿಯಾಗಿ ಬಾಡಿಗೆಗೆ ಹಿಡಿಯಲು ಯೋಚಿಸಿದರೆ, ಅದು ವೀಸಾ, ವೆಚ್ಚ, ಗಾಳಿ, ಊಟಗಳ ಲೆಕ್ಕವನ್ನು ಹಾಕುತ್ತದೆಯೇ ಹೊರತು ಪ್ರಾಯಶ್ಚಿತ್ತದ ಲೆಕ್ಕವನ್ನು ಹಾಕುವುದಿಲ್ಲ. ಆದರೆ ಈ ಪ್ರಶ್ನೆ ಉತ್ತರ ಪಡೆದು ಮುಗಿದದ್ದಲ್ಲ. ವಿಮಾನವೂ ಪಾಸ್‌ಪೋರ್ಟೂ ಬಂದ ಮೇಲೆ ಕೇಳುವವರಿಲ್ಲದೆ ಬದಿಗೆ ಸರಿದದ್ದು. ಉತ್ತರವಿಲ್ಲದೆ ಬಿಟ್ಟುಹೋದ ಪ್ರಶ್ನೆಯ ಜೊತೆಗೆ ಅದರೊಳಗಿದ್ದ ಒಂದು ನಿಜವಾದ ಕಳವಳವೂ ಮರೆಯಾಗುವುದುಂಟಾದ್ದರಿಂದ ಅದನ್ನು ಮತ್ತೆ ತೆರೆದು ನೋಡುವುದು ಅಗತ್ಯ.

ನಿಷೇಧದ ಮೂಲ ಬೌಧಾಯನ ಧರ್ಮಸೂತ್ರದಲ್ಲಿದೆ. ಆ ಗ್ರಂಥವು ಪತನೀಯಗಳನ್ನು, ಎಂದರೆ ಮಾಡಿದವನನ್ನು ತನ್ನ ವರ್ಣದ ಸ್ಥಾನದಿಂದ ಕೆಳಗೆ ಬೀಳಿಸುವ ಕರ್ಮಗಳನ್ನು ಹೇಳುವಾಗ ಮೊದಲಿಗೇ ‘ಸಮುದ್ರಸಂಯಾನ’ವನ್ನು ಇರಿಸುತ್ತದೆ, ವ್ಯಾಖ್ಯಾನಕಾರ ಗೋವಿಂದಸ್ವಾಮಿ ಇದನ್ನು ನಾವೆಯಲ್ಲಿ ಬೇರೊಂದು ದ್ವೀಪಕ್ಕೆ ಹೋಗುವುದು, ಅಂದರೆ ದ್ವೀಪಾಂತರಗಮನ ಎಂದು ಬಿಡಿಸುತ್ತಾನೆ. ಅದೇ ಪಟ್ಟಿಯಲ್ಲಿ ಮುಂದೆ ಬರುವವು ಬ್ರಾಹ್ಮಣನು ಇರಿಸಿದ ನ್ಯಾಸವನ್ನು, ಎಂದರೆ ನಂಬಿ ಇಟ್ಟ ಸೊತ್ತನ್ನು, ಅಪಹರಿಸುವುದು, ಭೂಮಿಯ ವಿಷಯದಲ್ಲಿ ಸುಳ್ಳು ಹೇಳುವುದು, ಶೂದ್ರನ ಸೇವೆ ಮಾಡುವುದು. ಪರಿಹಾರವನ್ನೂ ಬೌಧಾಯನನು ಹೇಳಿದ್ದಾನೆ: ನಾಲ್ಕು ಹೊತ್ತಿಗೊಮ್ಮೆ ಮಿತವಾಗಿ ಉಂಡು, ದಿನಕ್ಕೆ ಮೂರು ಸಲ ಮಿಂದು, ಹಗಲು ನಿಂತು ರಾತ್ರಿ ಕುಳಿತು ಮೂರು ವರ್ಷ ಕಳೆದರೆ ಆ ಪಾಪ ಹೋಗುತ್ತದೆ. ಕಳವನ್ನೂ ಸುಳ್ಳನ್ನೂ ಶೂದ್ರಸೇವೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಈ ಪಟ್ಟಿಯನ್ನು ಓದುವಾಗ, ಇಲ್ಲಿ ನೀತಿಯ ಭಯವೂ ಸ್ಥಾನದ ಭಯವೂ ಬೆರೆತಿವೆ ಎಂಬುದನ್ನು ಮುಚ್ಚಿಡಲಾಗದು. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಬೌಧಾಯನನು ಗ್ರಂಥದ ಆರಂಭದಲ್ಲಿಯೇ ಸಮುದ್ರಯಾನವನ್ನು ಉತ್ತರ ದೇಶದವರ ಆಚಾರಗಳಲ್ಲಿ ಒಂದೆಂದು ಎಣಿಸಿ, ಅದು ಅವರಲ್ಲಿ ದೋಷವಲ್ಲ, ಬೇರೆಡೆ ಮಾಡಿದರೆ ದೋಷ ಎನ್ನುತ್ತಾನೆ. ಒಂದು ದೇಶದಲ್ಲಿ ದೋಷವಾಗಿ ಇನ್ನೊಂದು ದೇಶದಲ್ಲಿ ದೋಷವಲ್ಲದ ಕರ್ಮವನ್ನು ಸ್ವಭಾವತಃ ಪಾಪವೆನ್ನುವುದು ಕಷ್ಟ. ಅದು ದೇಶಧರ್ಮ, ಎಂದರೆ ನಾಡಿನ ರೂಢಿಯಿಂದ ಬಲ ಪಡೆದ ಕಟ್ಟಳೆ.

ಮನುಸ್ಮೃತಿಯಲ್ಲಿ ಇದೇ ಇಬ್ಬಗೆ ಇನ್ನೂ ಸ್ಪಷ್ಟವಾಗಿದೆ. ಅದರ ಮೂರನೆಯ ಅಧ್ಯಾಯವು ಸಮುದ್ರಯಾಯಿಯನ್ನು, ಎಂದರೆ ಕಡಲಲ್ಲಿ ಹೋಗುವವನನ್ನು, ಶ್ರಾದ್ಧದ ಪಂಕ್ತಿಯಿಂದ ಹೊರಗಿಡಬೇಕು ಎನ್ನುತ್ತದೆ. ಎಂಟನೆಯ ಅಧ್ಯಾಯವಾದರೋ ಸಮುದ್ರಯಾನದಲ್ಲಿ ಕುಶಲರಾಗಿ ದೇಶ, ಕಾಲ, ಲಾಭಗಳನ್ನು ಬಲ್ಲವರು ಗೊತ್ತುಮಾಡಿದ ಬಡ್ಡಿಯೇ ಪ್ರಮಾಣ ಎನ್ನುತ್ತದೆ. ಸಂತೆಯಲ್ಲಿ ಮಾತು ನಂಬಿಕೆಗೆ ಅರ್ಹವಾದವನು ಎಲೆಯ ಮುಂದೆ ಅನರ್ಹನಾಗುವುದು ಹೇಗೆಂದು ಗ್ರಂಥ ವಿವರಿಸುವುದಿಲ್ಲ. ಮಧ್ಯಯುಗದ ನಿಬಂಧಕಾರರು, ಎಂದರೆ ಹಿಂದಿನ ಧರ್ಮವಚನಗಳನ್ನು ವಿಷಯವಾರು ಸಂಗ್ರಹಿಸಿದ ಪಂಡಿತರು, ಇನ್ನಷ್ಟು ಬಿಗಿಯಾದರು. ಕಲಿವರ್ಜ್ಯಗಳು, ಅಂದರೆ ಹಿಂದಿನ ಯುಗಗಳಲ್ಲಿ ಸಲ್ಲುತ್ತಿದ್ದು ಕಲಿಯುಗದಲ್ಲಿ ಬಿಡತಕ್ಕವು ಎಂದು ಅವರು ಎಣಿಸಿದ ಆಚಾರಗಳ ಸಾಲಿನಲ್ಲಿ, ನಾವೆಯೇರಿ ಕಡಲಿಗೆ ಹೋದ ದ್ವಿಜನನ್ನು ಪ್ರಾಯಶ್ಚಿತ್ತದಿಂದ ಶುದ್ಧನಾದ ಮೇಲೂ ಬಳಿಗೆ ಸೇರಿಸಿಕೊಳ್ಳಬಾರದು ಎಂಬುದೂ ಸೇರಿತು. ಪಾಪ ತೊಳೆದುಹೋಗಿದೆ, ಆದರೂ ಮನುಷ್ಯನು ಹೊರಗೆ ಎಂಬ ಈ ನಿಲುವಿನಲ್ಲಿ ಪಾಪದ ವಿಚಾರ ಹಿಂದೆ ಸರಿದು ಬಳಗದ ಎಲ್ಲೆಯ ವಿಚಾರವೇ ಮುಂದೆ ನಿಂತಿದೆ.

ನಿಷೇಧಕ್ಕೆ ಒಳಗಿನ ಕಾರಣಗಳಿರಲಿಲ್ಲವೆಂದಲ್ಲ. ತಿಂಗಳುಗಟ್ಟಲೆ ಹಡಗಿನಲ್ಲಿದ್ದವನಿಗೆ ಸಂಧ್ಯಾವಂದನೆ, ಅಗ್ನಿಕಾರ್ಯ, ಪಿತೃಕಾರ್ಯಗಳು ನಡೆಯಲಾರವು, ಸಿಹಿನೀರು ಅಳತೆಯದು, ಅಡುಗೆ ಯಾರದೋ, ಪಕ್ಕದ ಎಲೆ ಯಾರದೋ. ನಿತ್ಯಕರ್ಮಗಳ ಹೆಣಿಗೆಯಿಂದಲೇ ಬದುಕು ರೂಪುಗೊಳ್ಳುತ್ತದೆ ಎಂದು ನಂಬಿದ ಸಮುದಾಯವೊಂದು ಆ ಹೆಣಿಗೆ ಬಿಚ್ಚಿಹೋಗುವ ಜಾಗವನ್ನು ಕಂಡು ಹೆದರಿದ್ದು ಸಹಜ. ಆದರೆ ಆ ಭಯವು ಶಾಸನವಾದ ಹೊತ್ತಿನಲ್ಲಿಯೂ ಈ ಕರಾವಳಿ ಕಡಲಿನಿಂದಲೇ ಬದುಕುತ್ತಿತ್ತು. 16ನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾ ಬಾರ್ಕೂರು, ಬಸ್ರೂರುಗಳ ಬಂದರುಗಳಿಂದ ಅಕ್ಕಿ ಹೇರಿಕೊಂಡು ಹೋಗುವ ಹಡಗುಗಳನ್ನು ವರ್ಣಿಸಿದ್ದಾನೆ. 1665ರಲ್ಲಿ ಶಿವಾಜಿ ತನ್ನ ನೌಕಾಪಡೆಯೊಡನೆ ಕಡಲ ದಾರಿಯಿಂದ ಬಂದು ಬಸ್ರೂರನ್ನು ಕೊಳ್ಳೆ ಹೊಡೆದನು ಎಂದರೆ ಆ ಪೇಟೆಯ ಸಂಪತ್ತು ಎಷ್ಟು ದೂರಕ್ಕೆ ಹೆಸರಾಗಿತ್ತೆಂಬುದು ತಿಳಿಯುತ್ತದೆ. ಬ್ರಹ್ಮಾವರದ ಆರ್ಥೊಡಾಕ್ಸ್ ಕ್ರೈಸ್ತರು 19ನೇ ಶತಮಾನದ ಕೊನೆಯಲ್ಲಿ ತಮ್ಮ ಚರ್ಚನ್ನು ಮೆಡಿಟರೇನಿಯನ್ ಅಂಚಿನ ಅಂತಿಯೋಕ್ಯದ ಪರಂಪರೆಗೆ ಜೋಡಿಸಿಕೊಂಡರು. ಉಡುಪಿಯ ಕೃಷ್ಣನೇ ಕಡಲ ದಾರಿಯಿಂದ ಬಂದವನು: ದ್ವಾರಕೆಯ ಕಡೆಯಿಂದ ಬರುತ್ತಿದ್ದ ಹಡಗು ಮಲ್ಪೆಯ ಬಳಿ ಬಿರುಗಾಳಿಗೆ ಸಿಲುಕಿದಾಗ ಮಧ್ವಾಚಾರ್ಯರು ಉತ್ತರೀಯ ಬೀಸಿ ಅದನ್ನು ದಡ ಸೇರಿಸಿದರೆಂದೂ, ಪ್ರತಿಯಾಗಿ ಪಡೆದ ಗೋಪೀಚಂದನದ ಹೆಂಟೆಯೊಳಗೆ ಆ ವಿಗ್ರಹವಿತ್ತೆಂದೂ ಸಂಪ್ರದಾಯ ಹೇಳುತ್ತದೆ. ದೇವರು ಹಡಗೇರಿ ಬಂದ ಕಥೆಯನ್ನು ಭಕ್ತಿಯಿಂದ ಹೇಳುವ ನಾಡಿನಲ್ಲಿ ಹಡಗೇರಿದ ಭಕ್ತನನ್ನು ಹೊರಗಿಡುವ ಕಟ್ಟಳೆಯೂ ಇತ್ತು ಎಂಬುದು ಆಳವಾಗಿ ಯೋಚಿಸಬೇಕಾದ ವಿಷಯ.

ಆ ಕಟ್ಟಳೆ ಕಾಗದದ ಮೇಲಷ್ಟೇ ಇರಲಿಲ್ಲ. 1888ರಲ್ಲಿ ಗಾಂಧಿಯವರು ಇಂಗ್ಲೆಂಡಿಗೆ ಹೊರಟಾಗ ಅವರ ಜಾತಿಯ ಹಿರಿಯರು ಬಹಿಷ್ಕಾರ ಹಾಕಿದ್ದು ಎಲ್ಲರಿಗೂ ತಿಳಿದಿದೆ. ಅದಕ್ಕೂ ಮೊದಲೇ, 1885ರಲ್ಲಿ, ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರ್ಕರರು ಭಾರತದ ಪರವಾಗಿ ಮಾತಾಡಲು ಇಂಗ್ಲೆಂಡಿಗೆ ಹೋಗಿ ಬಂದಿದ್ದರು. ಬೈಂದೂರಿನಿಂದ ಹೆಚ್ಚು ದೂರವಿಲ್ಲದ ಶಿರಾಲಿಯ ಚಿತ್ರಾಪುರ ಮಠದಲ್ಲಿ 1915ರವರೆಗೆ ಪೀಠದಲ್ಲಿದ್ದ ಪಾಂಡುರಂಗಾಶ್ರಮರು ವಿದೇಶಯಾನವನ್ನು ಕಟುವಾಗಿ ವಿರೋಧಿಸಿದರು. ಕರಾವಳಿಯ ಸಾರಸ್ವತ ಕುಟುಂಬಗಳಲ್ಲಿ ಹೋಗಿಬಂದವರ ಜೊತೆ ಉಣ್ಣಬಹುದೇ, ಉಂಡವರ ಜೊತೆ ಉಣ್ಣಬಹುದೇ ಎಂದು ಬಿರುಕು ಹಬ್ಬುತ್ತಲೇ ಹೋಯಿತು. ಇತ್ತೀಚಿನ ನಿದರ್ಶನ ಉಡುಪಿಯದು. ವಿದೇಶಗಳಲ್ಲಿ ಸಂಚರಿಸಿ ಧರ್ಮಪ್ರಚಾರ ಮಾಡಿದ ಪುತ್ತಿಗೆ ಮಠದ ಸುಗುಣೇಂದ್ರತೀರ್ಥರು 2008ರ ಜನವರಿ 18ರಂದು ಪರ್ಯಾಯ ಪೀಠವೇರುವ, ಎಂದರೆ ಸರದಿಯಂತೆ ಕೃಷ್ಣಪೂಜೆಯ ಹೊಣೆ ಹೊರುವ ಸಂದರ್ಭದಲ್ಲಿ, ಕಡಲು ದಾಟಿದ ಯತಿ ಕೃಷ್ಣನ ವಿಗ್ರಹವನ್ನು ಮುಟ್ಟಬಹುದೇ ಎಂಬ ಆಕ್ಷೇಪ ಇತರ ಮಠಗಳಿಂದ ಎದ್ದಿತು. 2024ರಲ್ಲಿ ಅವರು ಮತ್ತೆ ಪರ್ಯಾಯ ಪೀಠವೇರಿದರು. ಯತಿಗೆ ಗೃಹಸ್ಥನಿಗಿಂತ ಕಠಿಣವಾದ ನಿಯಮಗಳಿರುವುದು ನ್ಯಾಯವೇ. ಆಕ್ಷೇಪಿಸಿದವರ ನಿಷ್ಠೆಯನ್ನು ಹಗುರವಾಗಿ ಕಾಣಬೇಕಾಗಿಲ್ಲ. ಆದರೂ ಯಾನದಲ್ಲಿ ಯತಿ ಏನು ಮಾಡಿದನೆಂಬುದಕ್ಕಿಂತ ಯಾನ ನಡೆಯಿತೆಂಬುದೇ ವಾದದ ತಿರುಳಾದಾಗ, ಕಲಿವರ್ಜ್ಯದ ಹಳೆಯ ದೋಷವೇ ಮರುಕಳಿಸಿತೆನ್ನಬೇಕಾಗುತ್ತದೆ.

ಈ ಎಲ್ಲ ಚರ್ಚೆಯಲ್ಲಿ ದಿನವೂ ಕಡಲಿಗೆ ಇಳಿಯುವವರ ಮಾತೇ ಇಲ್ಲ. ಗ್ರಂಥಗಳ ನಿಷೇಧ ದ್ವಿಜರಿಗಷ್ಟೇ. ಗಂಗೊಳ್ಳಿಯ ಖಾರ್ವಿಗಳು, ಕೋಡಿ, ಮರವಂತೆ, ಉಪ್ಪುಂದಗಳ ಮೊಗವೀರರು ಅದರ ಕಣ್ಣಿಗೆ ಬೀಳಲೇ ಇಲ್ಲ. ಹಾಗೆ ಬಿಟ್ಟುಹೋದವರು ತಮ್ಮದೇ ಆದ ಧರ್ಮವನ್ನು ಕಟ್ಟಿಕೊಂಡಿದ್ದಾರೆ, ಮತ್ತು ಅದು ಗ್ರಂಥದ ಧರ್ಮಕ್ಕೆ ನೇರ ಎದುರಾಗಿ ನಿಲ್ಲುತ್ತದೆ. ಮೊಗವೀರ ಕೇರಿಗಳಲ್ಲಿ ಪೂಜೆಗೊಳ್ಳುವ ಬೊಬ್ಬರ್ಯನು ಪಾಡ್ದನಗಳ ಪ್ರಕಾರ, ಎಂದರೆ ದೈವಗಳ ಹುಟ್ಟು ಮತ್ತು ಸಂಚಾರವನ್ನು ಹಾಡುವ ಕಥನಗೀತಗಳ ಪ್ರಕಾರ, ಮುಸ್ಲಿಂ ವ್ಯಾಪಾರಿಯ ಮಗ; ಹಡಗು ಕಟ್ಟಿ ಕಡಲಿಗೆ ಹೋದವನು, ಕಡಲಿನಲ್ಲಿ ಮಡಿದು ದೈವವಾದವನು. ಒಂದೇ ಕರಾವಳಿಯಲ್ಲಿ ಒಂದು ಶಾಸ್ತ್ರವು ಕಡಲಿಗೆ ಹೋಗಿ ಬದುಕಿ ಬಂದವನನ್ನು ಎಲೆಯಿಂದ ಎಬ್ಬಿಸಿತು. ಇನ್ನೊಂದು ಶ್ರದ್ಧೆಯು ಕಡಲಿಗೆ ಹೋಗಿ ಮರಳದವನಿಗೆ, ಅವನ ತಂದೆಯ ಮತವನ್ನು ಮರೆಮಾಚದೆ, ಕಟ್ಟೆ ಕಟ್ಟಿ ಕೈಮುಗಿಯಿತು. ಮೊದಲನೆಯದಕ್ಕೆ ಕಡಲು ಬೆರಕೆಯ ಜಾಗವಾದ್ದರಿಂದ ಅಶುದ್ಧ. ಎರಡನೆಯದಕ್ಕೆ ಕಡಲು ಬೆರಕೆಯ ಜಾಗವಾದ್ದರಿಂದಲೇ ಅಲ್ಲಿ ನಂಬಬಹುದಾದವನು ಪೂಜ್ಯ. ಇವೆರಡರಲ್ಲಿ ಹೆಚ್ಚಿನ ಧಾರ್ಮಿಕ ಆಳ ಎರಡನೆಯದಕ್ಕಿದೆ ಎಂದು ಹೇಳಲು ಹಿಂಜರಿಯಬೇಕಾಗಿಲ್ಲ.

ಕಡಲಿಗೆ ಇಳಿಯುವವರ ಈ ಧರ್ಮದಲ್ಲಿ ನಿಷೇಧವಿಲ್ಲವೆಂದು ತಿಳಿಯಬಾರದು. ಮಳೆಗಾಲದಲ್ಲಿ ಅಳಿವೆಯ, ಎಂದರೆ ನದಿ ಕಡಲು ಸೇರುವ ಬಾಯಿಯ, ಸೆಳೆತ ಕಂಡವರು ದೋಣಿಯನ್ನು ದಡಕ್ಕೆಳೆದು ಕಟ್ಟುತ್ತಿದ್ದರು. ಇಂದು ಅದೇ ಸಂಯಮ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ 61 ದಿನಗಳ ಸರ್ಕಾರಿ ನಿಷೇಧವಾಗಿದೆ. ಕರ್ಕಾಟಕ ಅಮಾವಾಸ್ಯೆಯಂದು ಮರವಂತೆಯ ವರಾಹಸ್ವಾಮಿಯ ಸನ್ನಿಧಿಯಲ್ಲಿ, ಒಂದು ಬದಿಗೆ ಸೌಪರ್ಣಿಕೆ ಇನ್ನೊಂದು ಬದಿಗೆ ಸಮುದ್ರ ಇರುವ ಆ ಕಿರಿದಾದ ನೆಲದಲ್ಲಿ, ರೈತರೂ ಮೀನುಗಾರರೂ ಸೇರಿ ಮೀಯುತ್ತಾರೆ; ನೂಲಹುಣ್ಣಿಮೆಯ ಹೊತ್ತಿಗೆ ಕಡಲಿಗೆ ತೆಂಗಿನಕಾಯಿ, ಹಾಲು ಅರ್ಪಿಸಿದ ಮೇಲೆ ಹೊಸ ಋತು ಆರಂಭ. ಗ್ರೀಸಿನ ಬಂದರುಗಳಲ್ಲಿ ಜನವರಿ 6ರಂದು ಪಾದ್ರಿಯು ನೀರನ್ನು ಹರಸಿ ಶಿಲುಬೆಯನ್ನು ಕಡಲಿಗೆ ಎಸೆಯುವ ಆಚರಣೆಯನ್ನು ಕಂಡರೆ ಇಲ್ಲಿಯವರಿಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕಡಲಿಗೆ ಹೋಗಬಾರದೆಂಬುದು ಈ ಧರ್ಮದ ವಿಧಿಯಲ್ಲ. ಕೇಳದೆ, ಕಾಲ ನೋಡದೆ, ಕೊಡದೆ ಹೋಗಬಾರದೆಂಬುದು ಅದರ ವಿಧಿ.

ಗ್ರೀಸಿಗೂ ಈ ತೀರಕ್ಕೂ ಇರಬಹುದಾದ ಹಳೆಯ ನಂಟಿನ ಕುರುಹೊಂದು ಇದೇ ವಿಚಾರವನ್ನು ಇನ್ನೊಂದು ದಡದಿಂದ ಹೇಳುತ್ತದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು 1903ರಲ್ಲಿ ಪ್ರಕಟವಾದ, ಕ್ರಿ.ಶ. 2ನೇ ಶತಮಾನದ ಪಪೈರಸ್ ಸುರುಳಿಯೊಂದರಲ್ಲಿ ಗ್ರೀಕ್ ಪ್ರಹಸನವೊಂದಿದೆ. ಖಾರಿಟಿಯೋನ್ ಎಂಬ ಗ್ರೀಕ್ ಯುವತಿ ಭಾರತದ ಕಡಲತೀರದ ಚಂದ್ರದೇವತೆಯ ಗುಡಿಯಲ್ಲಿ ಸೆರೆಯಾಗಿರುತ್ತಾಳೆ. ಹಡಗಿನಲ್ಲಿ ಬಂದ ಅವಳ ಸೋದರ ಅಲ್ಲಿಯ ಅರಸನಿಗೂ ಪರಿವಾರಕ್ಕೂ ನೀರು ಬೆರೆಸದ ಮದ್ಯ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾನೆ. ಆ ಅರಸನ ಕಡೆಯವರು ಆಡುವ ಮಾತು ಕನ್ನಡವಿರಬಹುದೆಂದು 1904ರಲ್ಲಿ ವಿದ್ವಾಂಸ ಹುಲ್ಟ್ಶ್ ಸೂಚಿಸಿದರು. ಶಾಮಾಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಆ ವಾದವನ್ನು ಬೆಳೆಸಿದರು, ಸಾಲೆತೊರೆಯವರು ಆ ತೀರವನ್ನು ಉಡುಪಿಯ ಸುತ್ತಲಲ್ಲಿ ಗುರುತಿಸಲು ಯತ್ನಿಸಿದರು, ಬಾರ್ನೆಟ್‌ರಂಥವರು ಒಪ್ಪಲಿಲ್ಲ. ಭಾಷೆಯ ಜಗಳ ಏನೇ ಇರಲಿ, ವಿದ್ವಾಂಸರು ಅಷ್ಟಾಗಿ ನಿಲ್ಲದ ಒಂದು ಸಂದರ್ಭ ಇಲ್ಲಿ ಮುಖ್ಯ. ಹೊರಡುವ ಗಡಿಬಿಡಿಯಲ್ಲಿ ವಿದೂಷಕನು ದೇವಿಯ ಕಾಣಿಕೆಗಳಲ್ಲಿ ಏನನ್ನಾದರೂ ಎತ್ತಿಕೊಳ್ಳೋಣ ಎಂದಾಗ ಖಾರಿಟಿಯೋನ್ ತಡೆಯುತ್ತಾಳೆ: ರಕ್ಷಣೆ ಬೇಡುವವರು ದೇವರ ಸೊತ್ತನ್ನು ಕದ್ದರೆ ದೇವತೆಗಳು ಅವರ ಪ್ರಾರ್ಥನೆಯನ್ನು ಕೇಳುವುದಾದರೂ ಹೇಗೆ ಎಂಬುದು ಅವಳ ವಾದ. ಅವಳನ್ನು ಸೆರೆಯಲ್ಲಿಟ್ಟ ಗುಡಿ ಅದು, ದೇವತೆ ಪರದೇಶದವಳು, ಆದರೂ ಆ ಸೊತ್ತನ್ನು ಮುಟ್ಟಬಾರದು. ನಗಿಸಲೆಂದು ಬರೆದ ಆಟದ ನಡುವೆ ಸಮುದ್ರಯಾನದ ಧರ್ಮಸೂತ್ರ ಇಷ್ಟು ನೇರವಾಗಿ ಬಂದಿರುವುದು ಅಚ್ಚರಿಯ ಸಂಗತಿ. ಬೌಧಾಯನನ ಪಟ್ಟಿಯಲ್ಲಿ ಕಡಲ ಪಯಣಕ್ಕೂ ನ್ಯಾಸಾಪಹಾರಕ್ಕೂ ಒಂದೇ ಶಿಕ್ಷೆಯಿತ್ತು. ಇಲ್ಲಿ ಅವೆರಡು ಬೇರ್ಪಟ್ಟು, ದಾಟುವುದು ನಿರ್ದೋಷವಾಗಿ, ಕದಿಯುವುದೊಂದೇ ದೋಷವಾಗಿ ಉಳಿಯುತ್ತದೆ.

ಈ ಬೆಳಕಿನಲ್ಲಿ ನೋಡಿದರೆ, ಗ್ರೀಸಿನ ವಿಹಾರವನ್ನು ಮೊದಲ ಬಾರಿಗೆ ಯೋಜಿಸುವ ಕರಾವಳಿಯ ಕುಟುಂಬದ ಮುಂದೆ ಧರ್ಮದ ಪ್ರಶ್ನೆಗಳು ಇಲ್ಲದಿಲ್ಲ, ಅವು ಕೇವಲ ವ್ಯವಹಾರದ ವೇಷದಲ್ಲಿವೆ. ಏಜಿಯನ್ ಕಡಲಿನಲ್ಲಿ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮೆಲ್ತೆಮಿ ಎಂಬ ಬಲವಾದ ಉತ್ತರದ ಗಾಳಿ ಬೀಸುತ್ತದೆ. ಸೈಕ್ಲಾಡಿಸ್ ದ್ವೀಪಗಳ ನಡುವೆ ಆಗ ಹೊಸಬರು ಹೋಗುವುದು ಕ್ಷೇಮವಲ್ಲ, ಪಶ್ಚಿಮದ ಅಯೋನಿಯನ್ ದ್ವೀಪಗಳ ನೀರು ಹೆಚ್ಚು ಸೌಮ್ಯ. ಸಿಬ್ಬಂದಿಯಿಲ್ಲದೆ ಬಾಡಿಗೆಗೆ ಪಡೆಯುವ ನೌಕೆಗೆ ಅರ್ಹತಾಪತ್ರವಿರುವ ನಾವಿಕನೂ ಅವನಿಗೆ ನೆರವಾಗಬಲ್ಲ ಇನ್ನೊಬ್ಬನೂ ಇರಬೇಕು. ಇಲ್ಲವಾದರೆ ಅಲ್ಲಿಯ ತಂಡೇಲನೊಬ್ಬನನ್ನು, ಎಂದರೆ ನೌಕೆ ನಡೆಸುವವನನ್ನು, ಜೊತೆಗೆ ಪಡೆದು ಅವನ ಮಾತಿನಂತೆ ನಡೆಯಬೇಕು. ತಳದಲ್ಲಿ ಪೊಸಿಡೋನಿಯಾ ಎಂಬ ಕಡಲಹುಲ್ಲು ಬೆಳೆದಿರುವಲ್ಲಿ ಲಂಗರು ಇಳಿಸಿದರೆ ಮೀನುಗಳ ತೊಟ್ಟಿಲೇ ಕಿತ್ತುಹೋಗುತ್ತದೆ. ಮರಳಿನ ತಳವನ್ನು ಹುಡುಕಿ ಇಳಿಸಬೇಕು. ಮಳೆ ಕಡಿಮೆಯಾದ ದ್ವೀಪಗಳಲ್ಲಿ ಬೇಸಗೆಯ ಸಿಹಿನೀರು ಅಲ್ಲಿಯವರ ಪಾಲಿನದು, ವಿಹಾರಿಯು ಅದನ್ನು ಎಣಿಸಿ ಬಳಸಬೇಕು.

ಅಲ್ಲಿಯ ನೆಲಕ್ಕೂ ಇಂಥ ಕಟ್ಟಳೆಗಳಿವೆ. ಗ್ರೀಕ್ ದೇವರು ಅಪೊಲೊ ಹುಟ್ಟಿದ ನೆಲವೆಂದು ಪ್ರಾಚೀನರು ನಂಬಿದ್ದ ಡೀಲೋಸ್ ದ್ವೀಪವನ್ನು ಕ್ರಿ.ಪೂ. 426ರ ಸುಮಾರಿಗೆ ಅಥೆನ್ಸಿನವರು ಶುದ್ಧಗೊಳಿಸಿ, ಅಲ್ಲಿದ್ದ ಗೋರಿಗಳನ್ನು ಎತ್ತಿಸಿ, ಮುಂದೆ ಆ ನೆಲದಲ್ಲಿ ಯಾರೂ ಹುಟ್ಟಕೂಡದು, ಯಾರೂ ಸಾಯಕೂಡದು ಎಂದು ವಿಧಿಸಿದರು. ಪುರುಡು, ಸೂತಕಗಳನ್ನು, ಎಂದರೆ ಹುಟ್ಟು ಸಾವುಗಳ ಮೈಲಿಗೆಯನ್ನು ಬಲ್ಲ ಕರಾವಳಿಯವರಿಗೆ ಈ ವಿಧಿಯ ತರ್ಕ ಪರಕೀಯವಲ್ಲ. ಹೆರಿಗೆಯ ಹೊತ್ತು ಬಂದವರನ್ನೂ ಸಾವಿನಂಚಿನವರನ್ನೂ ಪಕ್ಕದ ರಿನಿಯಾ ದ್ವೀಪಕ್ಕೆ ಸಾಗಿಸಬೇಕಿತ್ತು ಎಂಬುದು ಅದರ ಕ್ರೌರ್ಯವನ್ನೂ ತೋರಿಸುತ್ತದೆ. ಆ ಶುದ್ಧಿಯ ವಿಧಿ ಸತ್ತು ಶತಮಾನಗಳಾಗಿವೆ. ಆದರೆ ಇಂದಿಗೂ ಡೀಲೋಸಿನಲ್ಲಿ ಪ್ರವಾಸಿಗಳು ರಾತ್ರಿ ತಂಗುವಂತಿಲ್ಲ. ಅಲ್ಲಿಯ ಭಗ್ನ ಗುಡಿಗಳನ್ನೂ ಶಿಲ್ಪಗಳನ್ನೂ ಕಾಯಲೆಂದು ಹಗಲು ಮುಗಿಯುವ ಮೊದಲೇ ಎಲ್ಲರೂ ದೋಣಿಯೇರಬೇಕು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳು ಮಳೆಗಾಲದಲ್ಲಿ ನಿಲ್ಲುವುದನ್ನು ಚಿಕ್ಕಂದಿನಿಂದ ಕಂಡವರು ಈ ನಿಯಮಕ್ಕೆ ಗೊಣಗದೆ ತಲೆಬಾಗುವುದನ್ನು ನಿರೀಕ್ಷಿಸಬಹುದು.